ಬ್ಲಾಂಟೈರಿನಲ್ಲಿ ಜೋಳದ ಬೆಲೆ

ಟ್ಯಾಂಪಿನೀಸ್, ಸಿಂಗಾಪುರ
೨೫ ಮೇ ೨೦೨೫, ಭಾನುವಾರ

ಪ್ರಹ್ಲಾದ ಅವರಿಗೆ,

ವಿನುತಾ ಬರೆಯುತ್ತಿರುವುದು. ಮದುವೆಗೆ ಮುಂಚೆ ನೀವು ಮುಂಬೈಯಲ್ಲಿ ಟ್ರೈನಿಂಗಿನಲ್ಲಿದ್ದಾಗ ನಾನು ಮೈಸೂರಿನಿಂದ ಪತ್ರ ಬರೆಯುತ್ತಿದ್ದೆನಲ್ಲ, ಆಗ ನಿಮ್ಮ ಹೆಸರಿನ ಹಿಂದೆ ಏನೇನೋ ಸೇರಿಸುತ್ತಿದ್ದೆ. ಈಗ ಅದು ಕೈಗೆ ಬರುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಸಿದ್ದು ಆರೋಗ್ಯವಾಗಿದ್ದಾನೆ, ನಾನೂ ಚೆನ್ನಾಗಿದ್ದೇನೆ.

ನಿಮ್ಮ ಕಂಪನಿಯ ಅವಿನಾಶ್ ಬುಧವಾರ ಬ್ಲಾಂಟೈರಿಗೆ ಹೊರಟಿದ್ದಾರೆ. ಮುಚ್ಚಿದ ಆಫೀಸಿನ ಕಾಗದಪತ್ರದ ಕೆಲಸ ಏನೋ ಉಳಿದಿದೆಯಂತೆ. ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ.

ಮನೆ ಮಾರುವ ವಿಷಯ ಕೇಳಿದ್ದಿರಿ. ಅದಕ್ಕೆ ಉತ್ತರ ಈ ಪತ್ರದಲ್ಲಿದೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ನನ್ನಿಂದಾಗುತ್ತಿಲ್ಲ. ನಡೆದದ್ದನ್ನೆಲ್ಲ ಒಮ್ಮೆ ಬರೆದರೆ ನನಗೇ ಅರ್ಥವಾದೀತು ಎಂಬ ಆಸೆ.

ನೀವು ಹೋಗಿ ಆರು ವರ್ಷವಾಯಿತು. ಮಲಾವಿ ಎಂಬ ದೇಶ ಆಫ್ರಿಕಾದಲ್ಲಿ ಎಲ್ಲಿದೆ ಎಂದು ಆಗ ಸಿದ್ದುವೇ ನನಗೆ ಭೂಪಟ ಹಿಡಿದು ತೋರಿಸಿದ. ಕಂಪನಿ ಅಲ್ಲಿಗೆ ಅಕ್ಕಿ, ಅಡುಗೆ ಎಣ್ಣೆ ಕಳಿಸುತ್ತದೆ, ಬ್ಲಾಂಟೈರ್ ಬ್ರಾಂಚಿಗೆ ನೀವೇ ಮುಖ್ಯಸ್ಥರು, ಮೂರೇ ವರ್ಷದ ಮಾತು ಎಂದಿರಿ. ಮಗನ ಓದು ಕೆಡಬಾರದೆಂದು ನಾವಿಬ್ಬರೂ ಇಲ್ಲೇ ಉಳಿದೆವು. ಮೂರು ನಾಲ್ಕಾಯಿತು, ನಾಲ್ಕು ಐದಾಯಿತು.

ಭಾನುವಾರ ಸಂಜೆ ಐದಕ್ಕೆ ನಿಮ್ಮ ಫೋನ್ ಬರುತ್ತಿತ್ತು, ನಿಮಗೆ ಆಗ ಬೆಳಗಿನ ಹನ್ನೊಂದು. ಊಟ ಆಯ್ತಾ, ಸಿದ್ದು ಏನ್ ಮಾಡ್ತಿದಾನೆ ಎಂದು ಕೇಳಿದ ಮೇಲೆ ನೀವು ಬೆಲೆಗಳಿಗೆ ಇಳಿಯುತ್ತಿದ್ದಿರಿ. ಬ್ರೆಡ್ಡು ಸಾವಿರ ಕ್ವಾಚಾ ದಾಟಿತು. ಸಕ್ಕರೆ ಅಂಗಡಿಯಿಂದ ಮಾಯವಾಯಿತು, ಬೀದಿಯಲ್ಲಿ ದುಪ್ಪಟ್ಟು. ಸರ್ಕಾರ ಒಂದೇ ಏಟಿಗೆ ಕ್ವಾಚಾದ ಮೌಲ್ಯವನ್ನು ಇಳಿಸಿಬಿಟ್ಟಿತು, ನಿನ್ನೆ ಕೊಂಡ ಎಣ್ಣೆಯನ್ನು ಇವತ್ತು ಯಾವ ರೇಟಿಗೆ ಮಾರಬೇಕೋ ಯಾರಿಗೂ ತಿಳಿಯುತ್ತಿಲ್ಲ. ಬ್ಯಾಂಕಿನಲ್ಲಿ ಡಾಲರ್ ಇಲ್ಲ. ಪೆಟ್ರೋಲ್ ಬಂಕಿನ ಮುಂದೆ ಜನ ಕಾರಿನಲ್ಲೇ ಮಲಗುತ್ತಾರೆ.

ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಗಂಡ ವಾರಕ್ಕೊಮ್ಮೆ ಫೋನ್ ಮಾಡಿ ಎಣ್ಣೆಯ ರೇಟು ಹೇಳುತ್ತಾರಲ್ಲ ಎಂದು. ಆಮೇಲೆ ನಾನೂ ಅದನ್ನು ಕಲಿತೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಮೊದಲು ನೋಡುತ್ತಿದ್ದುದು ಮಲಾವಿಯ ಪತ್ರಿಕೆಗಳನ್ನು. ಮೈಸೂರಿನಲ್ಲಿ ಮಳೆ ಬಂತೋ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಬ್ಲಾಂಟೈರಿನಲ್ಲಿ ಒಂದು ಮೂಟೆ ಮುಸುಕಿನ ಜೋಳಕ್ಕೆ ಎಷ್ಟು ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ನಿಮ್ಮ ಜೊತೆ ಮಾತಾಡಲು ನನ್ನಲ್ಲೂ ಏನಾದರೂ ಇರಬೇಕಿತ್ತಲ್ಲ. ಒಮ್ಮೆ ಕೆಳಗಿನ ಹಾಕರ್ ಸೆಂಟರಿನಲ್ಲಿ ಕಾಫಿಗೆ ಹತ್ತು ಸೆಂಟ್ ಏರಿಸಿದ್ದರು. ಅಂಗಡಿಯ ಚೀನೀ ಆಂಟಿ ಕ್ಷಮೆ ಕೇಳುವಂತೆ ಬೋರ್ಡು ತೋರಿಸಿದಳು. ನಾನು ಅವಳಿಗೆ ಮಲಾವಿಯಲ್ಲಿ ಸಕ್ಕರೆಯೇ ಸಿಗುತ್ತಿಲ್ಲ ಎಂದು ವಿವರವಾಗಿ ಹೇಳಿದೆ. ಆಕೆ ಗಂಭೀರವಾಗಿ ಕೇಳಿಸಿಕೊಂಡು, "ಓ, ಸೋ ಯು ವಾಂಟ್ ಲೆಸ್ ಶುಗರ್, ಈಸ್ ಇಟ್?" ಎಂದಳು. ಅದನ್ನು ಭಾನುವಾರ ನಿಮಗೆ ಹೇಳಿ ನಗಿಸಬೇಕು ಎಂದುಕೊಂಡಿದ್ದೆ. ಆ ಭಾನುವಾರ ನಿಮ್ಮ ಫೋನ್ ಬರಲಿಲ್ಲ, ಆಮೇಲೆ ಮರೆತುಹೋಯಿತು.

ನೀವು ಬರುವುದೂ ಹಾಗೆಯೇ ತಪ್ಪುತ್ತ ಬಂತು. ನಮ್ಮಮ್ಮನ ವರ್ಷಾಬ್ದಿಕಕ್ಕೆ ಬರುತ್ತೇನೆಂದಿರಿ, ಕ್ವಾಚಾದಲ್ಲಿ ಟಿಕೆಟ್ ಕೊಡುತ್ತಿಲ್ಲ ಎಂದಿರಿ. ದೀಪಾವಳಿಗೆ ಬರುತ್ತೇನೆಂದಿರಿ, ಗೋಡೌನಿನ ಸ್ಟಾಕು ಬಿಟ್ಟು ಬಂದರೆ ಕಳ್ಳತನವಾಗುತ್ತದೆ ಎಂದಿರಿ. ಈ ಜನವರಿಯಲ್ಲಿ ಸಿದ್ದುವನ್ನು ಸೇನಾ ತರಬೇತಿಗೆ ಬಿಡುವ ದಿನ ಬಂತು. ಇಲ್ಲಿ ಬೆಳೆದ ಮೇಲೆ ಎರಡು ವರ್ಷ ಅವನೂ ಕೊಡಲೇಬೇಕಲ್ಲ. ಪಾಸಿರ್ ರಿಸ್ ಬಸ್ ನಿಲ್ದಾಣದಲ್ಲಿ ಒಬ್ಬೊಬ್ಬ ಹುಡುಗನ ಸುತ್ತ ಅಪ್ಪ, ಅಮ್ಮ, ಅಜ್ಜಿ, ಗೆಳತಿ ಎಲ್ಲ ನಿಂತಿದ್ದರು. ನಾವಿಬ್ಬರೇ ಒಂದು ಕಂಬಕ್ಕೆ ಒರಗಿ ನಿಂತಿದ್ದೆವು. ದೋಣಿ ಹತ್ತಿ ತರಬೇತಿ ನಡೆಯುವ ತೆಕೊಂಗ್ ದ್ವೀಪಕ್ಕೆ ಹೋಗಿ, ಸೇನೆಯವರು ಬಡಿಸಿದ್ದನ್ನು ಉಂಡೆವು. ಅವನ ತಲೆ ಬೋಳಿಸುವ ಮೊದಲು ನನ್ನನ್ನು ವಾಪಸ್ ಕಳಿಸಿದರು. ಮಾರ್ಚಿನಲ್ಲಿ ತರಬೇತಿ ಮುಗಿದು ಪರೇಡ್ ಆಯಿತು. ನೀವು ಹಿಂದಿನ ದಿನ ಫೋನ್ ಮಾಡಿ, "ವಿನು, ನಾಲ್ಕು ದಿನದಿಂದ ಪೆಟ್ರೋಲ್ ಇಲ್ಲ ಕಣೇ, ಏರ್‌ಪೋರ್ಟಿಗೆ ಹೋಗೋದಾದ್ರೂ ಹೇಗೆ?" ಎಂದಿರಿ. ನಾನು ಪತ್ರಿಕೆ ತೆರೆದು ನೋಡಿದೆ. ನಿಜವಾಗಿಯೂ ಬಂಕಿನ ಮುಂದೆ ಮೈಲುದ್ದದ ಸಾಲಿನ ಫೋಟೋ ಇತ್ತು. ಅದನ್ನೇ ಸಿದ್ದುವಿಗೆ ತೋರಿಸಿ, ನೋಡು, ಅಪ್ಪನ ತಪ್ಪಲ್ಲ ಎಂದೆ. ಅವನು ಫೋಟೋ ನೋಡಲಿಲ್ಲ. "ಅಮ್ಮಾ, ಅಪ್ಪ ಬರಲ್ಲ ಲಾ," ಎಂದು ಇಲ್ಲಿಯ ಹುಡುಗರ ಧಾಟಿಯಲ್ಲೇ ಹೇಳಿ, "ಸುಮ್ನೆ ಯಾಕೆ ವೇಟ್ ಮಾಡ್ತೀಯಾ?" ಎಂದ.

ನಿಮ್ಮ ಒಂದೊಂದು ಮಾತಿಗೂ ಆ ದೇಶ ಸಾಕ್ಷಿ ಹೇಳುತ್ತಿತ್ತು. ನಾನು ಅನುಮಾನ ಪಡುವುದಾದರೂ ಹೇಗೆ?

ಒಂದು ವಿಷಯ ನಾನೂ ನಿಮ್ಮಿಂದ ಮುಚ್ಚಿಟ್ಟಿದ್ದೇನೆ. ಕಳೆದ ವರ್ಷ ನೀವು ದುಡ್ಡು ಕಳಿಸುವುದು ತಡವಾಗುತ್ತ ಬಂದಾಗ ನಾನು ಕೆಲಸಕ್ಕೆ ಸೇರಿದೆ. ನಮ್ಮ ಬ್ಲಾಕಿನ ಎದುರಿನ ಚೈಲ್ಡ್‌ಕೇರಿನಲ್ಲಿ ಸಹಾಯಕಿ. ಮಕ್ಕಳಿಗೆ ಊಟ ಮಾಡಿಸುವುದು, ಕೈ ತೊಳೆಸುವುದು, ಮಧ್ಯಾಹ್ನ ಬೆನ್ನು ತಟ್ಟಿ ಮಲಗಿಸುವುದು. ನಿಮಗೆ ಹೇಳಿದರೆ ನೊಂದುಕೊಳ್ಳುತ್ತೀರಿ, ಅಲ್ಲಿ ಅಷ್ಟು ಕಷ್ಟದಲ್ಲಿರುವಾಗ ಇದೊಂದು ಬೇರೆ ಬೇಡ ಎಂದುಕೊಂಡೆ. ಹಾಗಾಗಿ ಭಾನುವಾರ ನೀವು "ದಿನ ಹೇಗೆ ಕಳೀತೀಯಾ?" ಎಂದಾಗಲೆಲ್ಲ ಟಿವಿ, ನಿದ್ದೆ, ದೇವಸ್ಥಾನ ಎಂದು ಹೇಳುತ್ತಿದ್ದೆ.

ಯುಗಾದಿಯ ದಿನ ಕನ್ನಡ ಸಂಘದ ಊಟಕ್ಕೆ ಹೋಗಿದ್ದೆ. ಹೋಗುವ ಮನಸ್ಸಿರಲಿಲ್ಲ, ಆದರೆ ಸಿದ್ದುವಿಗೆ ರಜೆ ಇರಲಿಲ್ಲ, ಒಬ್ಬಳಿಗಾಗಿ ಒಬ್ಬಟ್ಟು ತಟ್ಟುವುದು ಏನು ಚೆಂದ ಎಂದು ಹೊರಟೆ. ಪಕ್ಕದಲ್ಲಿ ಅವಿನಾಶ್, ಅವರ ಹೆಂಡತಿ ಜ್ಯೋತ್ಸ್ನಾ ಕೂತಿದ್ದರು. ನಿಮ್ಮ ಆಫೀಸಿನವರು, ನನಗೆ ಮುಖಪರಿಚಯ ಅಷ್ಟೇ. ಅವಿನಾಶ್ ಅನ್ನ ಕಲಸುತ್ತ ಸಹಜವಾಗಿ ಕೇಳಿದರು.

"ಪ್ರಹ್ಲಾದ್ ಅವರ ಹೊಸ ಬಿಸಿನೆಸ್ ಹೇಗೆ ನಡೀತಿದೆ, ಮೇಡಂ? ಆಗಸ್ಟಲ್ಲಿ ಬ್ರಾಂಚ್ ಕ್ಲೋಸ್ ಆದ್ಮೇಲೆ ಟಚ್ಚಲ್ಲೇ ಇಲ್ಲ ಅವರು."

ನಾನು ಕಣ್ಣು ಮಿಟುಕಿಸದೆ, "ಚೆನ್ನಾಗಿ ನಡೀತಿದೆ" ಎಂದೆ.

"ಇಲ್ಲೇ ಸಿಂಗಾಪುರದಲ್ಲೇ ಪೊಸಿಶನ್ ಕೊಟ್ಟಿದ್ರು. ಇವರೂ ಎಷ್ಟು ಹೇಳಿದ್ರು, ಬಂದ್ಬಿಡಿ ಸರ್ ಅಂತ," ಎಂದಳು ಜ್ಯೋತ್ಸ್ನಾ. "ಅವ್ರು ರಿಸೈನ್ ಮಾಡಿ ಅಲ್ಲೇ ಸೆಟ್ಲ್ ಆಗ್ಬಿಟ್ರಲ್ಲ. ಆಂಟಿ, ನೀವೂ ಅಲ್ಲಿಗೇ ಶಿಫ್ಟ್ ಆಗ್ತೀರಾ?"

ನಾನು ನಕ್ಕೆ. ಏನು ಹೇಳಿದೆನೋ ನೆನಪಿಲ್ಲ. ಎಲೆಯ ಮೇಲಿದ್ದುದನ್ನೆಲ್ಲ ತಿಂದೆ, ಪಾಯಸ ಎರಡನೇ ಸಲ ಹಾಕಿಸಿಕೊಂಡೆ. ಎದ್ದು ಹೋದರೆ ಅವರಿಗೆ ಗೊತ್ತಾಗುತ್ತದಲ್ಲ. ಎಂಆರ್‌ಟಿ ರೈಲು ಹತ್ತಿದವಳು ಟ್ಯಾಂಪಿನೀಸಿನಲ್ಲಿ ಇಳಿಯದೆ ಪಾಸಿರ್ ರಿಸ್‌ವರೆಗೂ ಹೋಗಿ ಬೀಚಿನಲ್ಲಿ ಕೂತೆ. ಜನ ಕುಟುಂಬ ಸಮೇತ ಬಂದು ಮೀನು ಸುಡುತ್ತಿದ್ದರು. ಆಗಸ್ಟ್ ಅಂದರೆ ದೀಪಾವಳಿಗೂ ಮುಂಚೆ, ಸಿದ್ದು ಸೇನೆಗೆ ಹೋಗುವುದಕ್ಕೂ ಮುಂಚೆ. ಯಾವ ಸ್ಟಾಕು, ಯಾವ ಬ್ರಾಂಚು? ಇಲ್ಲಿ ಕುರ್ಚಿ ಹಾಕಿಟ್ಟು ಕರೆದಿದ್ದರು, ನೀವು ಬೇಡ ಎಂದಿದ್ದಿರಿ. ನಾನು ಆ ದೇಶದ ಡಾಲರಿಗೆ, ಪೆಟ್ರೋಲಿಗೆ, ಮಳೆಗೆ ದಿನಾ ಹರಕೆ ಹೊರುತ್ತಿದ್ದೆ, ಅದು ಸರಿಹೋದರೆ ನನ್ನ ಗಂಡ ಮನೆಗೆ ಬರುತ್ತಾರೆ ಎಂದು.

ಆದರೂ ನಾನು ನಿಮ್ಮನ್ನು ಕೇಳಲಿಲ್ಲ. ಮುಂದಿನ ಭಾನುವಾರ ನೀವು ಫೋನ್ ಮಾಡಿದಾಗ ಕೇಳಬೇಕೆಂದೇ ಇದ್ದೆ. ಕೇಳಿದ ಮೇಲೆ ಆ ಭಾನುವಾರಗಳೂ ಇರದಿದ್ದರೆ ಎಂದು ಹೆದರಿದೆ. ಏನೋ ಅವಮಾನವಾಗಿರಬೇಕು, ಸ್ವಂತ ಬಿಸಿನೆಸ್ ನೆಲೆ ನಿಂತ ಮೇಲೆ ಹೇಳೋಣ ಎಂದುಕೊಂಡಿರಬೇಕು ಎಂದು ನಾನೇ ನಿಮ್ಮ ಪರವಾಗಿ ಕಾರಣ ಹುಡುಕಿದೆ. ಅದರಲ್ಲಿ ನನಗೆ ಒಳ್ಳೆಯ ಅಭ್ಯಾಸವಾಗಿತ್ತು.

ಏಪ್ರಿಲಿನಲ್ಲಿ ನೀವೇ ಹೇಳಿದಿರಿ. ಎಷ್ಟೋ ವರ್ಷದ ಮೇಲೆ ನಿಮ್ಮ ಆ ಹುರುಪಿನ ದನಿ ಕೇಳಿದ್ದೆ. ಕಂಪನಿ ಬಿಟ್ಟೆ, ಈಗ ನನ್ನದೇ ವ್ಯಾಪಾರ, ಮೊದಲ ವರ್ಷವೇ ಕೈ ಹತ್ತಿದೆ ಎಂದಿರಿ. "ವಿನು, ಆ ಮನೆ ಇಟ್ಕೊಂಡು ಏನ್ ಮಾಡ್ತೀಯಾ? ಸಿದ್ದು ಹೇಗೂ ಕ್ಯಾಂಪಲ್ಲಿ ಇರ್ತಾನೆ. ಮಾರ್ಬಿಡೋಣ. ನೀನು ಬಂದ್ಬಿಡು ಇಲ್ಲಿಗೆ. ಸಾಕು ಈ ಫೋನ್ ಸಂಸಾರ." ಈಗ ಕೊಯ್ಲಿನ ಕಾಲ, ಡಾಲರಿನಲ್ಲಿ ದುಡ್ಡು ತಂದವನೇ ಇಲ್ಲಿ ರಾಜ ಎಂದೂ ಹೇಳಿದಿರಿ. ಆ ಮಾತು ಕಿವಿಯ ಮೇಲೆ ಬಿತ್ತು, ಒಳಗೆ ಇಳಿಯಲಿಲ್ಲ. ಬಂದ್ಬಿಡು ಎಂಬುದೊಂದೇ ನನಗೆ ಕೇಳಿಸಿದ್ದು.

ನಾನು ಎಷ್ಟು ಸಂತೋಷಪಟ್ಟೆ ಎಂದು ನಿಮಗೆ ತಿಳಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಮಾರನೆಯ ದಿನವೇ ಏಜೆಂಟಿಗೆ ಫೋನ್ ಮಾಡಿದೆ. ಆ ಹುಡುಗಿ ಬಂದು ಮನೆಯ ಫೋಟೋ ತೆಗೆದಳು. ಕೊಳ್ಳುವವರಿಗೆ ಖಾಲಿ ಗೋಡೆ ಇಷ್ಟ, ದೇವರ ಪಟ ಸ್ವಲ್ಪ ಒಳಗಿಡಬಹುದಾ ಎಂದು ಕೇಳಿದಳು. ನಾನು ಮಾತಿಲ್ಲದೆ ತೆಗೆದು ಬೀರುವಿನಲ್ಲಿಟ್ಟೆ. ಹತ್ತಿ ಸೀರೆಗಳನ್ನು ಬಿಸಿಲಿಗೆ ಹಾಕಿದೆ. ಎರಡು ವರ್ಷಕ್ಕಾಗುವಷ್ಟು ಹುಳಿಪುಡಿ ಮಾಡಿದೆ. ಚೈಲ್ಡ್‌ಕೇರಿನಲ್ಲಿ ಬಿಡುತ್ತೇನೆಂದು ಹೇಳಿಯೂ ಬಿಟ್ಟೆ. ಶನಿವಾರ ಸಿದ್ದು ಒಗೆಯುವ ಬಟ್ಟೆಯ ಚೀಲ ಹೊತ್ತು ಬಂದಾಗ ಅವನಿಗೆ ಎಲ್ಲ ಹೇಳಿದೆ. ಅವನು ಶೂ ಬಿಚ್ಚುತ್ತಿದ್ದವನು ಹಾಗೇ ಕೂತ.

"ಮನೆ ಸೆಲ್ ಮಾಡಿದ್ರೆ, ನಾನು ಕ್ಯಾಂಪಿಂದ ಎಲ್ಲಿಗೆ ಬರ್ಲಿ ಅಮ್ಮಾ?"

ನಂಬುತ್ತೀರಾ, ಅಷ್ಟು ದಿನ ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ಮುಖ ನೋಡಿ ಅವನೇ, "ಇಟ್ಸ್ ಓಕೆ ಲಾ, ನೀನು ಹೋಗು. ನಾನು ಫ್ರೆಂಡ್ ಮನೇಲಿ ಇರ್ತೀನಿ" ಎಂದ. ನಾನು ಅದನ್ನು ಒಪ್ಪಿಕೊಂಡೆ. ಒಪ್ಪಿಕೊಂಡು, ಅವನ ಬಟ್ಟೆಗಳನ್ನು ಮೆಷಿನ್ನಿಗೆ ಹಾಕಿದೆ.

ಆ ಖುಷಿಯಲ್ಲೇ ಎಸ್ನಾತಳಿಗೆ ಫೋನ್ ಮಾಡಿದ್ದು. ಮೂರು ವರ್ಷದ ಹಿಂದೆ ನಾನೂ ಸಿದ್ದುವೂ ಅಲ್ಲಿಗೆ ರಜೆಗೆ ಬಂದಿದ್ದಾಗ ಅವಳೇ ಅಲ್ವೇ ನಮ್ಮನ್ನು ನೋಡಿಕೊಂಡಿದ್ದು. ನಿಮ್ಮ ಮನೆಯ ಅಡುಗೆಯವಳು ಎಂದು ನೀವು ಹೇಳುತ್ತಿದ್ದಿರಿ. ನನಗೆ ಅವಳು ಆ ಮೂರು ವಾರದ ಗೆಳತಿ. ಜೋಳದ ಹಿಟ್ಟಿನ ಮುದ್ದೆ ತಿರುವುವುದನ್ನು ನನಗೆ ತೋರಿಸಿದ್ದಳು, ನಾನು ಅವಳಿಗೆ ಸಾರು ತೋರಿಸಿದ್ದೆ. ಕುಂಬಳದ ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿ ಅವಳು ಮಾಡುತ್ತಿದ್ದ ಪಲ್ಯವನ್ನು ನಾನು ಈಗಲೂ ಇಲ್ಲಿ ಮಾಡುತ್ತೇನೆ. ನಾನು ಅಲ್ಲಿಗೇ ಬರುತ್ತಿದ್ದೇನೆ, ನಿನಗೇನು ತರಲಿ ಎಂದು ಕೇಳಿದೆ. ಅವಳು ಬಹಳ ಸಂತೋಷ ಎಂದಳು. ಆಮೇಲೆ, ಮೇಡಂ, ನಾನು ಈಗ ಆ ಮನೆಯಲ್ಲಿಲ್ಲ, ಫೆಬ್ರವರಿಯಲ್ಲೇ ಹಳ್ಳಿಗೆ ಬಂದುಬಿಟ್ಟೆ ಎಂದಳು.

ಯಾಕೆ ಎಂದೆ. ಅವಳಿಗೆ ಹೇಳುವ ಇಷ್ಟವಿರಲಿಲ್ಲ. ನಾನು ಬಿಡಲಿಲ್ಲ. ಮಗಳ ಮಕ್ಕಳು ಅವಳ ಜೊತೆಗಿದ್ದಾರೆ, ಜನವರಿಯಿಂದ ಹಿಟ್ಟು ಕೊಳ್ಳುವುದಕ್ಕಾಗುತ್ತಿರಲಿಲ್ಲವಂತೆ. ಒಂದು ಮೂಟೆ ಜೋಳಕ್ಕೆ ಎಪ್ಪತ್ತು ಸಾವಿರ ಕ್ವಾಚಾ, ಅವಳ ಒಂದು ತಿಂಗಳ ಸಂಬಳವೆಲ್ಲ ಕೊಟ್ಟರೂ ಸಾಲದು. ನಿಮ್ಮ ಹತ್ತಿರ ಒಂದು ಮೂಟೆ ಕೇಳಿದಳಂತೆ, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳಿ ಎಂದಳಂತೆ. ನೀವು ಅವತ್ತಿನ ಮಾರ್ಕೆಟ್ ರೇಟು ಹೇಳಿದಿರಂತೆ.

"ನಮ್ಮ ಮನೇಲಿ ಜೋಳ ಎಲ್ಲಿಂದ ಬಂತು?" ಎಂದು ನಾನು ಕೇಳಿದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಅವಳು ನಿಧಾನವಾಗಿ, ಗೋಡೌನಿನಲ್ಲಿ ಸೂರಿನವರೆಗೂ ಜೋಳವೇ ಮೇಡಂ, ಕಳೆದ ಕೊಯ್ಲಿನಿಂದ ಬ್ವಾನಾ, ನಮ್ಮ ಯಜಮಾನರು, ಕೊಂಡು ತುಂಬಿದ್ದಾರೆ, ನಿಮಗೆ ಹೇಳಲಿಲ್ಲವೇ ಎಂದಳು. ಅವಳಿಗೆ ನಿಮ್ಮ ಮೇಲೆ ದೂರಿಲ್ಲ. ಬ್ವಾನಾ ವ್ಯಾಪಾರಸ್ಥರು, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ನನಗೇ ಸಮಾಧಾನ ಹೇಳಿದಳು. ಈಗ ಹೊಸ ಬೆಳೆ ಬಂದಿದೆ, ಮಕ್ಕಳು ಚೆನ್ನಾಗಿ ಉಣ್ಣುತ್ತಿದ್ದಾರೆ, ನೀವು ಬಂದರೆ ಹಳ್ಳಿಗೆ ಬನ್ನಿ ಎಂದಳು.

ಕಳೆದ ಮೇ ತಿಂಗಳಲ್ಲಿ ಆ ಮೂಟೆ ಮೂವತ್ತು ಸಾವಿರದ ಸುಮಾರಿನಲ್ಲಿತ್ತು. ನನಗೆ ಗೊತ್ತು, ನೀವೇ ಹೇಳಿದ್ದಿರಿ. ಬರ ಬಂದಿದೆ, ಮುಂದೆ ಗಗನಕ್ಕೆ ಹೋಗುತ್ತದೆ ನೋಡುತ್ತಿರು ಎಂದಿದ್ದಿರಿ. ಡಿಸೆಂಬರಿನಲ್ಲಿ ಐವತ್ತು ದಾಟಿತು ಎಂದಿರಿ. ಆ ವಾರಗಳ ನಿಮ್ಮ ದನಿಯನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತಿದ್ದೇನೆ. ಪಾಪ, ಎಷ್ಟು ನೋಯುತ್ತಾರೆ ಎಂದುಕೊಂಡಿದ್ದೆ. ಈಗ ಕೇಳಿಸಿಕೊಂಡರೆ ಅದು ನೋವಿನ ದನಿಯಲ್ಲ. ಫೆಬ್ರವರಿಯ ಒಂದು ಭಾನುವಾರ, "ಇಲ್ಲಿ ಜನ ತೌಡು ಬೇಯಿಸ್ಕೊಂಡ್ ತಿಂತಿದಾರೆ ವಿನು, ನೋಡಕ್ಕಾಗಲ್ಲ" ಎಂದಿರಿ. ಆ ಸಂಜೆ ನಾನು ಊಟ ಮಾಡಲಿಲ್ಲ. ಅನ್ನಕ್ಕೆ ನೀರು ಹಾಕಿಟ್ಟೆ. ಅದೇ ವಾರ ಎಸ್ನಾತ್ ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದ್ದಾಳೆ.

ಒಂದು ಮಾತು ಪ್ರಾಮಾಣಿಕವಾಗಿ ಬರೆಯುತ್ತೇನೆ. ನನಗೆ ಮೊದಲು ಸಿಟ್ಟು ಬಂದದ್ದು ಅವಳ ಹಸಿವಿಗಲ್ಲ. ನನ್ನನ್ನು ಕರೆದದ್ದು ನನಗಾಗಿ ಅಲ್ಲ, ಜೋಳ ಕೊಳ್ಳಲು ಈ ಮನೆಯ ದುಡ್ಡಿಗಾಗಿ ಎಂಬುದಕ್ಕೆ. ಕೊಯ್ಲಿನ ಕಾಲ, ಡಾಲರ್ ಎಂದಿದ್ದಿರಲ್ಲ, ಆ ಮಾತು ಆಗ ಒಳಗೆ ಇಳಿಯಿತು. ಎಸ್ನಾತ್ ನೆನಪಾದದ್ದು ಅಳುವುದೆಲ್ಲ ಮುಗಿದ ಮೇಲೆ.

ಮೇ ನಾಲ್ಕರ ಭಾನುವಾರ ನಾನು ಕೇಳಿದ್ದು, ನೀವು ಹೇಳಿದ್ದು ನಿಮಗೆ ನೆನಪಿರಬಹುದು. ಆದರೂ ಬರೆಯುತ್ತೇನೆ, ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿದ್ದಿ.

"ನಾನೊಬ್ಬ ಒಂದು ಮೂಟೆ ಕೊಟ್ರೆ ದೇಶದ ಹಸಿವು ಹೋಗತ್ತಾ ವಿನು? ನಾನು ಇಟ್ಕೊಳ್ದಿದ್ರೆ ಇನ್ನೊಬ್ಬ ಇಟ್ಕೋತಾನೆ. ಸಿಂಗಾಪುರದಲ್ಲಿ ಎಸಿ ರೂಮಲ್ಲಿ ಕೂತು ಇದೇ ಕೆಲಸ ಮಾಡಿದಾಗ ಟ್ರೇಡಿಂಗ್ ಅಂತಿದ್ರು, ಬೋನಸ್ ಕೊಡ್ತಿದ್ರು. ಆಗ ನೀನೂ ಕೇಳ್ಲಿಲ್ಲ."

ಅದು ಸರಿ. ಕೇಳಲಿಲ್ಲ. ಆ ಬೋನಸ್ಸಿನಲ್ಲೇ ಈ ಮನೆಯ ಮೊದಲ ಕಂತು ಕಟ್ಟಿದೆವು.

"ಮತ್ತೆ ಇಲ್ಲಿ ಕರೆದಾಗ ಯಾಕೆ ಬರ್ಲಿಲ್ಲ?" ಎಂದೆ.

"ಅಲ್ಲಿ ನಾನು ಯಾರು ಹೇಳು? ಮೂವತ್ತು ವರ್ಷದ ಹುಡುಗನ ಕೆಳಗೆ ಸ್ಪ್ರೆಡ್‌ಶೀಟ್ ತುಂಬ್ಬೇಕಿತ್ತು. ಇಲ್ಲಿ ಬೆಳಗ್ಗೆ ಗೇಟ್ ತೆಗೆದ್ರೆ ನಲ್ವತ್ತು ಜನ ನನಗೋಸ್ಕರ ಕಾಯ್ತಿರ್ತಾರೆ."

ಇಲ್ಲೂ ಇಬ್ಬರು ಕಾಯುತ್ತಿದ್ದೆವು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಫೋನ್ ನೀವೇ ಇಟ್ಟಿರೋ, ನಿಜವಾಗಿಯೂ ಹೋಯಿತೋ, ಈಗ ಯಾವ ಪತ್ರಿಕೆ ನೋಡಿ ತಿಳಿಯಲಿ?

ಅವತ್ತಿನಿಂದ ಇವತ್ತಿನವರೆಗೆ ಮೂರು ಭಾನುವಾರ ನಿಮ್ಮ ಫೋನ್ ಬಂದಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಕಾಯುವುದು ತಪ್ಪಿತು. ಸಂಜೆ ಬೀಚಿನ ಕಡೆಗೆ ನಡೆದು ಬರುತ್ತೇನೆ.

ಈಗ ಉತ್ತರ. ಮನೆ ಮಾರುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ಏಜೆಂಟಿಗೆ ಬೇಡವೆಂದು ಹೇಳಿದ್ದೇನೆ. ಅರ್ಧ ಮನೆ ನಿಮ್ಮದು, ಅದನ್ನು ಕಿತ್ತುಕೊಳ್ಳುವ ಆಲೋಚನೆ ನನಗಿಲ್ಲ. ಸಿದ್ದುವಿನ ಎರಡು ವರ್ಷ ಮುಗಿಯಲಿ, ಆಮೇಲೆ ಏನು ಮಾಡಬೇಕೋ ಕೂತು ಮಾತಾಡೋಣ. ಆದರೆ ಈ ಕೊಯ್ಲಿಗೆ ಈ ಮನೆಯ ದುಡ್ಡು ಬರುವುದಿಲ್ಲ. ನೀವು ಬೇರೆ ಕಡೆಯಿಂದ ತಂದೇ ತರುತ್ತೀರಿ, ಗೋಡೌನ್ ತುಂಬಿಯೇ ತುಂಬುತ್ತೀರಿ, ನನ್ನ ಸಹಿಯೊಂದರಿಂದ ಬ್ಲಾಂಟೈರಿನಲ್ಲಿ ಜೋಳ ಅಗ್ಗವಾಗುವುದಿಲ್ಲ. ಅಷ್ಟು ನನಗೂ ಅರ್ಥವಾಗುತ್ತದೆ. ಆದರೆ ಬರುವ ಫೆಬ್ರವರಿಯಲ್ಲಿ ಪತ್ರಿಕೆ ತೆರೆದು ಆ ಬೆಲೆ ನೋಡುವಾಗ ಅದರಲ್ಲಿ ನಾನು ಮಲಗಿ ಎದ್ದ ಕೋಣೆಯೂ ಇದೆ ಎಂದು ಅಂದುಕೊಳ್ಳಲು ನನ್ನಿಂದಾಗದು.

ಚೈಲ್ಡ್‌ಕೇರಿನವರು ನನ್ನನ್ನು ವಾಪಸ್ ಸೇರಿಸಿಕೊಂಡರು, ಈಗ ಪೂರ್ತಿ ದಿನ. ನಿಮ್ಮ ಓದುವ ಕೋಣೆಯನ್ನು ಜೂನ್ ಒಂದರಿಂದ ರಿಷಿಕಾ ಎಂಬ ಹುಡುಗಿಗೆ ಬಾಡಿಗೆಗೆ ಕೊಡುತ್ತಿದ್ದೇನೆ. ದಾವಣಗೆರೆಯವಳು, ಇಲ್ಲಿ ಎಂ.ಎಸ್. ಓದಲು ಬಂದವಳು. ನೋಡಲು ಬಂದ ದಿನ ಅಡುಗೆಮನೆಯಲ್ಲಿ ನಿಂತು, "ಆಂಟಿ, ನಾನು ಜೋರಾಗಿ ಮಾತಾಡ್ತೀನಿ, ಪರ್ವಾಗಿಲ್ವಾ?" ಎಂದು ಕೇಳಿದಳು. ಪರವಾಗಿಲ್ಲ ಎಂದೆ. ನಿಮ್ಮ ಬಟ್ಟೆ, ಪುಸ್ತಕ ಎಲ್ಲ ಎರಡು ಪೆಟ್ಟಿಗೆಯಲ್ಲಿ ಜೋಡಿಸಿ ಸಿದ್ದುವಿನ ಮಂಚದ ಕೆಳಗಿಟ್ಟಿದ್ದೇನೆ. ಬಿಸಾಡಿಲ್ಲ.

ಸಿದ್ದುವಿಗೆ ಜೋಳದ ವಿಷಯ ಹೇಳಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ. ಅವನಿಗೆ ಜುಲೈಯಲ್ಲಿ ಒಂದು ವಾರ ರಜೆಯಿದೆ. ಬರುವ ಮನಸ್ಸಾದರೆ ಬನ್ನಿ. ಬರಲಾಗದಿದ್ದರೆ ಆಗುವುದಿಲ್ಲ ಎಂದು ಅವನಿಗೆ ಎರಡು ಮಾತಿನಲ್ಲಿ ಹೇಳಿ, ಕಾರಣ ಬೇಡ. ಡಾಲರ್, ಪೆಟ್ರೋಲ್, ವಿಮಾನ ಯಾವುದನ್ನೂ ಹೇಳಬೇಡಿ. ಆ ದೇಶಕ್ಕೆ ಅದರದೇ ಕಷ್ಟ ಬೇಕಾದಷ್ಟಿದೆ, ನಮ್ಮ ಮನೆಯದನ್ನೂ ಅದರ ತಲೆಗೆ ಹೊರಿಸುವುದು ಬೇಡ.

ಬಿಸಿಲಿನಲ್ಲಿ ಟೋಪಿ ಇಲ್ಲದೆ ತಿರುಗಬೇಡಿ. ಬಿಪಿ ಮಾತ್ರೆ ಅಲ್ಲಿ ಸಿಗುವುದು ಕಷ್ಟ ಎಂದು ಓದಿದೆ, ಮೂರು ತಿಂಗಳಿಗಾಗುವಷ್ಟು ಅವಿನಾಶ್ ಕೈಲಿ ಕೊಟ್ಟಿದ್ದೇನೆ. ಹುಳಿಪುಡಿಯೂ ಇದೆ. ಎರಡು ಪೊಟ್ಟಣ ಮಾಡಿದ್ದೇನೆ, ಒಂದು ನಿಮಗೆ, ಇನ್ನೊಂದು ಎಸ್ನಾತಳಿಗೆ. ಅವಳದನ್ನು ಅವಳಿಗೆ ತಲುಪಿಸಿ. ಕಳಿಸಬೇಡಿ, ನೀವೇ ಹೋಗಿ ಕೊಡಿ.

ಇಂತಿ,
ವಿನುತಾ

ಮರೆತ ಮಾತು: ಕಾಯುವುದು ತಪ್ಪಿತು ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಹಾಗೇ ಬಿಟ್ಟೆ. ಈ ಮೂರು ಭಾನುವಾರವೂ ಸಂಜೆ ಐದಕ್ಕೆ ನಾನು ಬ್ಲಾಂಟೈರಿನ ನಿಮ್ಮ ಹಳೆಯ ಆಫೀಸಿನ ನಂಬರಿಗೆ ಫೋನ್ ಮಾಡಿದ್ದೇನೆ. ಸಂಪರ್ಕ ತೆಗೆದುಹಾಕಿದ್ದಾರೆ. ಒಬ್ಬ ಹೆಂಗಸಿನ ದನಿಯಲ್ಲಿ ರೆಕಾರ್ಡು ಬರುತ್ತದೆ, ಮೊದಲು ಅಲ್ಲಿಯ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಅಲ್ಲಿಯ ಭಾಷೆ ನನಗೆ ಒಂದಕ್ಷರವೂ ಬಾರದು. ದನಿ ಮಾತ್ರ ಬಹಳ ಮೃದುವಾಗಿದೆ. ಇಂಗ್ಲಿಷ್ ಶುರುವಾಗುವ ಮೊದಲು ಇಟ್ಟುಬಿಡುತ್ತೇನೆ.